ಹಲಗಿಯಂಥ ಚೀಲದಲ್ಲಿ ಒಂದು ಲಂಗ

ಗದಗ-ಬೆಟಗೇರಿ ಎಂದರೆ ಹೊರಗಿನವರಿಗೆ ವೀರನಾರಾಯಣ ಗುಡಿ, ಕುಮಾರವ್ಯಾಸ, ಸಾಲು ಛಾಪಖಾನೆಗಳು, ಬದನೆಕಾಯಿ ಬಜಿ. ಇನ್ನೂ ಸ್ವಲ್ಪ ತಿಳಿದವರು ಕಣಗಿನಹಾಳದ ಹೆಸರು ಹೇಳುತ್ತಾರೆ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಆ ಹಳ್ಳಿಯಲ್ಲಿ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನ್ನಂಥವನಿಗೆ ಅದೇ ತೀರ್ಥಕ್ಷೇತ್ರ. ಆದರೆ ಕುಣಿಯುವವರ ಬಟ್ಟೆಯ ಕಥೆಯನ್ನು ಹುಡುಕಿಕೊಂಡು ಈ ಸೀಮೆಯಲ್ಲಿ ತಿರುಗಾಡಿದವರು ಕಡಿಮೆ. ಕಳೆದ ಬೇಸಿಗೆಯಲ್ಲಿ ನಾನು ತಿರುಗಾಡಿದೆ. ತಿರುಗಾಡಿಸಿದ್ದು ಒಂದು ಫ್ರೆಂಚ್ ಲಂಗ.

ಬೆಂಗಳೂರಿನ ನನ್ನ ಮೊಮ್ಮಗಳಿಗೆ ಹನ್ನೊಂದು ವರ್ಷ. ಅವಳು ಬ್ಯಾಲೆ ಕಲಿಯುತ್ತಾಳೆ. ಬೂಟಿನ ತುದಿಯ ಮೇಲೆ, ಅಂದರೆ ಕಾಲ್ಬೆರಳಿನ ಮೇಲೆ ನಿಂತು ಕುಣಿಯುವ ಯುರೋಪಿನ ನಾಟ್ಯ ಅದು. ರಜೆಗೆ ಬರುವಾಗ ಒಂದು ದೊಡ್ಡ ದುಂಡನೆಯ ಚಪ್ಪಟೆ ಚೀಲ ತಂದಿದ್ದಳು. ಅದರೊಳಗೆ 'ಟುಟು'. ಮಕ್ಕಳೇ, ನೀವು ಚಿತ್ರದಲ್ಲಿ ನೋಡಿರುತ್ತೀರಿ: ಸೊಂಟದ ಸುತ್ತ ತಾಟಿನ ಹಾಗೆ ಅಡ್ಡಕ್ಕೆ ಚಾಚಿ ನಿಂತ ಬಿಳಿಯ ಜಾಳಿಗೆಯ ಲಂಗ. ಅದನ್ನು ಮಡಚುವ ಹಾಗಿಲ್ಲ, ನೆಟ್ಟಗೆ ತೂಗುಹಾಕುವ ಹಾಗೂ ಇಲ್ಲ, ಪದರಗಳು ಜೋತುಬೀಳುತ್ತವೆ. ತಲೆಕೆಳಗಾಗಿ ತೂಗುಹಾಕಬೇಕು. ನಮ್ಮ ಮನೆಯಲ್ಲಿ ಅಂಥ ಜಾಗ ಸಿಕ್ಕಿದ್ದು ದೇವರ ಮನೆಯ ಬಾಗಿಲ ಪಕ್ಕದ ಮೊಳೆ. ನನ್ನ ಹೆಂಡತಿ ಅದನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ಮೋಟು ಯಾಕವಾ ತಂಗಿ? ಅರಿವಿ ಸಾಲಲಿಲ್ಲೇನು?" ಎಂದು ಕೇಳಿದಳು.

ಹುಡುಗಿಯ ಮುಖ ಸಣ್ಣದಾಯಿತು. ಆ ದಿನವಿಡೀ ಚೀಲ ತೆರೆಯಲಿಲ್ಲ.

ಅರಿವಿ ಸಾಲದ್ದಂತೂ ಅಲ್ಲ. ಒಂದು ಟುಟುವಿನಲ್ಲಿ ಹತ್ತು ಹನ್ನೆರಡು ಪದರ ನೆಟ್ ಬಟ್ಟೆ ಇರುತ್ತದೆ. ಬೆಟಗೇರಿಯ ಮಗ್ಗದಿಂದ ಇಳಿಯುತ್ತಿದ್ದ ಹದಿನೆಂಟು ಮೊಳದ ಸೀರೆ ಎಂದರೆ ಒಂಬತ್ತು ಗಜ, ಸುಮಾರು ಎಂಟೂಕಾಲು ಮೀಟರ್. ದೊಡ್ಡವರ ಒಂದು ಟುಟುವಿಗೆ ಅದಕ್ಕಿಂತ ಹೆಚ್ಚೇ ಬಟ್ಟೆ ಹಿಡಿಯುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ಹೆಂಡತಿಗೆ ತೋರಿಸಿದೆ. ಅವಳು ಕಾಗದ ನೋಡಿದಳು, ನನ್ನನ್ನೂ ನೋಡಿದಳು, ಏನೂ ಹೇಳಲಿಲ್ಲ.

ಎರಡನೆಯ ದಿನ ಇನ್ನೊಂದು ತೊಡಕು ಕಂಡಿತು. ಬಸ್ಸಿನಲ್ಲಿ ಯಾರದೋ ಟ್ರಂಕಿನ ಮೂಲೆ ತಾಗಿ ಕೆಳಗಿನ ಮೂರು ಪದರ ಹರಿದಿದ್ದವು. ಜೂನ್ ಮೊದಲ ವಾರ ಅವಳ ಶಾಲೆಯ ಪ್ರದರ್ಶನ. ಅವಳದು ಮೊದಲ ಸಲ ಒಬ್ಬಳೇ ಕುಣಿಯುವ ಪಾತ್ರ. ಗದುಗಿನಲ್ಲಿ ನಾಲ್ವರು ಟೇಲರ್‌ಗಳ ಬಳಿ ಹೋದೆವು. ನಾಲ್ವರೂ ಮುಟ್ಟಿ ನೋಡಿ ಕೈ ಹಿಂದೆ ತೆಗೆದರು. "ಮಷಿನ್ ಇದನ್ನ ನುಂಗತೈತ್ರಿ" ಎಂದರು. ನಾಲ್ಕನೆಯವನು ಮಾತ್ರ ಒಂದು ದಾರಿ ತೋರಿಸಿದ: ನಾಟಕದ ಡ್ರೆಸ್ ಬಾಡಿಗೆ ಕೊಡುವ ಅಂಗಡಿ.

ಅಂಥ ಅಂಗಡಿ ಗದುಗಿನಲ್ಲಿ ಇರುವುದು ಸಹಜ. 1870ರ ದಶಕದಲ್ಲಿ ಇಲ್ಲಿಯ ಶಾಲಾ ಮಾಸ್ತರರಾಗಿದ್ದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಕನ್ನಡ ನಾಟಕ ಮಂಡಳಿ ಕಟ್ಟಿ 'ಉಷಾಹರಣ' ಆಡಿಸಿದರು. ಆಗ ಈ ಭಾಗದಲ್ಲೆಲ್ಲ ಸಾಂಗ್ಲಿಯ ಮರಾಠಿ ಮಂಡಳಿಗಳದೇ ಅಬ್ಬರ. ನಮ್ಮ ಮಾತಿನಲ್ಲಿ ನಮ್ಮ ನಾಟಕ ಬೇಕು ಎಂಬ ಹಟವೇ ಅವರಿಂದ ಅದನ್ನು ಮಾಡಿಸಿತು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಅಂಧ ಮಕ್ಕಳ ಅನ್ನಕ್ಕೂ ವಿದ್ಯೆಗೂ ನಾಟಕ ಕಂಪನಿಯನ್ನೇ ಆಸರೆ ಮಾಡಿಕೊಂಡರು.

ಡ್ರೆಸ್ ಅಂಗಡಿಯ ಮುದುಕರು ನನಗಿಂತ ಹಿರಿಯರು. ಟುಟುವನ್ನು ಮೇಜಿನ ಮೇಲೆ ಕವುಚಿ ಹಾಕಿ, ಕನ್ನಡಕ ಏರಿಸಿ, ಪದರ ಪದರವಾಗಿ ಬಿಡಿಸಿ ನೋಡಿದರು. "ಇದನ್ನ ಗಂಡಸರು ಹಾಕ್ಕೊಂತಿದ್ರೇನು ಮದ್ಲ?" ಎಂದು ಮೊಮ್ಮಗಳನ್ನು ಕೇಳಿದರು. ಅವಳು ನಕ್ಕಳು. ನಾನು ನಗಲಿಲ್ಲ. ಹಿಂದಿನ ರಾತ್ರಿಯೇ ಅವಳ ಬ್ಯಾಲೆ ಪುಸ್ತಕ ಓದಿ ಮುಗಿಸಿದ್ದೆ. ಮುದುಕರ ಪ್ರಶ್ನೆ ಸರಿಯಾಗಿಯೇ ಇತ್ತು.

ಬ್ಯಾಲೆ ಬೆಳೆದದ್ದು ಫ್ರಾನ್ಸಿನ ದೊರೆ 14ನೆಯ ಲೂಯಿಯ ಆಸ್ಥಾನದಲ್ಲಿ. ದೊರೆ ತಾನೇ ಕುಣಿಯುತ್ತಿದ್ದ. ಪ್ಯಾರಿಸ್ಸಿನ ಒಪೆರಾ ರಂಗದ ಮೇಲೆ ವೃತ್ತಿಯ ನರ್ತಕಿಯರು ಬಂದದ್ದು 1681ರಲ್ಲಿ. ಅಲ್ಲಿಯವರೆಗೆ ಹೆಣ್ಣು ಪಾತ್ರವನ್ನೂ ಗಂಡಸರೇ ಮುಖವಾಡ ಹಾಕಿ ಮಾಡುತ್ತಿದ್ದರು, ನಮ್ಮ ಕಂಪನಿ ನಾಟಕ, ದೊಡ್ಡಾಟಗಳ ಹಾಗೆಯೇ. ವೀರಪಾತ್ರದ ಗಂಡಸರು ಸೊಂಟದ ಸುತ್ತ ಬಿರುಸಾಗಿ ಚಾಚಿದ ಗಿಡ್ಡ ಲಂಗ ತೊಡುತ್ತಿದ್ದರು. ಅದರ ಹೆಸರು ತೊನ್‌ಲೆ. ಚಿತ್ರ ನೋಡಿದರೆ ಇಂದಿನ ಟುಟುವಿನ ಅಜ್ಜನೇ ಸರಿ. ಹೆಂಗಸರ ಪಾಲಿಗೆ ಮಾತ್ರ ನೆಲ ಮುಟ್ಟುವ ಭಾರದ ಲಂಗ, ಒಳಗೆ ಬಳೆಕಟ್ಟು.

1730ರ ಸುಮಾರಿಗೆ ಮರಿ ಕಮಾರ್ಗೋ ಎಂಬ ನರ್ತಕಿ ಗಂಡಸರಷ್ಟೇ ಚುರುಕಾಗಿ ಜಿಗಿಯತೊಡಗಿದಳು. ಜಿಗಿದರೂ ಕಾಣದಿದ್ದರೆ ಏನು ಪ್ರಯೋಜನ? ಲಂಗವನ್ನು ಹರಡಿನ ಮೇಲಕ್ಕೆ, ಕೆಲವೇ ಬೆರಳಿನಷ್ಟು ಕತ್ತರಿಸಿದಳು. ಊರೆಲ್ಲ ಗುಲ್ಲೆದ್ದಿತು. ನನ್ನ ಹೆಂಡತಿ ಕೇಳಿದ ಪ್ರಶ್ನೆಯನ್ನೇ ಪ್ಯಾರಿಸ್ಸಿನ ಅಜ್ಜಿಯರೂ ಕೇಳಿರಬೇಕು.

ಮುದುಕರು ಹರಿದ ಜಾಗ ಬೆರಳಿನಿಂದ ಸವರಿ, "ನನ್ನ ಕಣ್ಣಿಗೆ ಆಗೂದಿಲ್ಲ ತಂಗಿ. ಇದು ಕೈಹೊಲಿಗಿ ಕೆಲಸ. ಶಿರಹಟ್ಟಿ ಕಡೆ ತಾಂಡಾದಾಗ ಮಾಡ್ತಾರ, ಅವರಿಗೆ ನಿರಿಗಿ ಲಂಗದ ಗುಟ್ಟು ಗೊತ್ತು" ಎಂದರು. ಬಾಗಿಲವರೆಗೂ ಬಂದು ಇನ್ನೊಂದು ಮಾತು ಹೇಳಿದರು: "ದೀಪದ ಹತ್ರ ಹೋಗಬ್ಯಾಡ ಮತ್ತ. ಗ್ಯಾಸಬತ್ತಿ ಕಾಲದಾಗ ಸೆರಗು ಹತ್ತಿದ್ದು ನಾ ನೋಡೀನಿ."

ಆ ಮಾತು ಕೇಳಿ ನನಗೆ ಎಮ್ಮಾ ಲಿವ್ರಿ ನೆನಪಾದಳು. ಅವಳ ಕಥೆ ಹೇಳುವ ಮೊದಲು ಬಿಳಿ ಟುಟು ಹುಟ್ಟಿದ ಬಗೆ ಹೇಳಬೇಕು. 1832ರ ಮಾರ್ಚ್ 12ರಂದು ಪ್ಯಾರಿಸ್ಸಿನಲ್ಲಿ 'ಲಾ ಸಿಲ್ಫೀಡ್' ಎಂಬ ಬ್ಯಾಲೆ ಆಡಿದರು. ಮರಿ ತಾಲಿಯೋನಿ ಅದರಲ್ಲಿ ಗಾಳಿಯ ಯಕ್ಷಿಣಿ. ಮೊಣಕಾಲಿನಿಂದ ಕೆಳಗೆ ಇಳಿದ, ಗಂಟೆಯ ಆಕಾರದ, ಹೊಗೆಯಂಥ ಬಿಳಿ ಲಂಗ ತೊಟ್ಟು ಬೆರಳ ತುದಿಯಲ್ಲಿ ತೇಲಿದಳು. ಅಂದಿನಿಂದ ಬ್ಯಾಲೆ ಎಂದರೆ ಬಿಳಿ ಲಂಗ ಎಂದಾಯಿತು. ಬಟ್ಟೆ ತೆಳು ಮಸ್ಲಿನ್ ಜಾತಿಯದು. ಮಸ್ಲಿನ್ ಎಂದರೆ ಒಂದು ಕಾಲಕ್ಕೆ ಢಾಕಾದ ನೇಕಾರರ ಕೀರ್ತಿ. ಅಷ್ಟರಲ್ಲಿ ಯುರೋಪಿನ ಗಿರಣಿಗಳು ಅದನ್ನು ಕಸಿದುಕೊಂಡಿದ್ದವು. ಜಾಳಿಗೆ ಬಟ್ಟೆಯನ್ನೂ ಯಂತ್ರವೇ ನೇಯತೊಡಗಿತ್ತು. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಅದಕ್ಕೆ 1809ರಲ್ಲಿ ಪೇಟೆಂಟ್ ಪಡೆದ. 1816ರಲ್ಲಿ ಸಿಟ್ಟಿಗೆದ್ದವರು ಅವನ ಕಾರ್ಖಾನೆಗೆ ನುಗ್ಗಿ ಐವತ್ತಕ್ಕೂ ಹೆಚ್ಚು ಯಂತ್ರ ಒಡೆದುಹಾಕಿದರು. ಕೈಮಗ್ಗ ಒಂದೊಂದಾಗಿ ನಿಂತುಹೋದದ್ದನ್ನು ಕಂಡ ಬೆಟಗೇರಿಯ ಓಣಿಗಳಲ್ಲಿ ಈ ಸಂಗತಿಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಎಮ್ಮಾ ಲಿವ್ರಿ ತಾಲಿಯೋನಿಯ ಅಚ್ಚುಮೆಚ್ಚಿನ ಶಿಷ್ಯೆ. ಆಗ ರಂಗದ ಮೇಲೆ ತೆರೆದ ಗ್ಯಾಸ್ ದೀಪಗಳು. ಲಂಗಕ್ಕೆ ಬೆಂಕಿ ಹತ್ತದ ಹಾಗೆ ಒಂದು ರಾಸಾಯನಿಕದಲ್ಲಿ ಅದ್ದುವ ಉಪಾಯ ಬಂದಿತ್ತು, ಹಾಗೇ ಮಾಡಬೇಕೆಂದು ಸರಕಾರದ ಆಜ್ಞೆಯೂ ಇತ್ತು. ಅದ್ದಿದ ಬಟ್ಟೆ ಸೆಟೆದು ಮಾಸಲಾಗುತ್ತಿತ್ತು. ಲಿವ್ರಿ ಒಲ್ಲೆ ಎಂದಳು. 1862ರ ನವೆಂಬರ್‌ನಲ್ಲಿ ತಾಲೀಮಿನ ಹೊತ್ತಿಗೆ ಲಂಗ ದೀಪಕ್ಕೆ ತಾಗಿತು. ಎಂಟು ತಿಂಗಳು ನರಳಿ 1863ರ ಜುಲೈಯಲ್ಲಿ ತೀರಿಕೊಂಡಳು. ಆಗ ಅವಳ ವಯಸ್ಸು ಇಪ್ಪತ್ತು. ಸುಟ್ಟ ಬಟ್ಟೆಯ ಚೂರುಗಳನ್ನು ಪ್ಯಾರಿಸ್ಸಿನ ಒಪೆರಾದವರು ಇಂದಿಗೂ ಕಾದಿಟ್ಟಿದ್ದಾರೆ.

ಈ ಕಥೆಯನ್ನು ಆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಹೆಂಡತಿ ಕೈ ತೊಳೆದುಕೊಂಡು ಎದ್ದಳು. ದೇವರ ದೀಪದ ಪಕ್ಕದ ಮೊಳೆಯಿಂದ ಟುಟು ತೆಗೆದು ನಡುಮನೆಯಲ್ಲಿ ತನ್ನ ಇಳಕಲ್ ಸೀರೆಗಳ ಕಪಾಟಿನ ಪಕ್ಕಕ್ಕೆ, ತಲೆಕೆಳಗಾಗಿಯೇ, ತೂಗುಹಾಕಿದಳು. ಮೋಟು-ಉದ್ದದ ಮಾತು ಅವಳು ಮತ್ತೆ ಎತ್ತಲಿಲ್ಲ.

ಮರುದಿನ ಅಜ್ಜ-ಮೊಮ್ಮಗಳು ಲಕ್ಷ್ಮೇಶ್ವರದ ಬಸ್ ಹತ್ತಿದೆವು. ಬರುವಾಗ ಶಿರಹಟ್ಟಿಯಲ್ಲಿ ಇಳಿಯುವುದೆಂದು ಯೋಜನೆ. ಕಂಡಕ್ಟರ್ ದುಂಡನೆಯ ಚೀಲ ನೋಡಿ, "ಹಲಗಿ ಬಾರಸಾವ್ರೇನ್ರಿ? ಲಗೇಜ್ ತಗೋಬೇಕಾಗತೈತಿ" ಎಂದ. ಮೊಮ್ಮಗಳು ಚೈನು ಎಳೆದು ತೋರಿಸಿದಳು. ಬಸ್ಸಿನ ಅರ್ಧ ಜನ ಎದ್ದು ನೋಡಿದರು. ಲಗೇಜ್ ಚೀಟಿಯ ಮಾತು ಅಲ್ಲಿಗೇ ನಿಂತಿತು.

ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಅಚ್ಚ ಕನ್ನಡದ ನಾಡು ಯಾವುದೆಂದು ಕವಿರಾಜಮಾರ್ಗ ಗುರುತಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ಇಲ್ಲಿಯ ಬ್ಯಾಂಕಿನಲ್ಲಿ ನಾನು ನಾಲ್ಕು ವರ್ಷ ಇದ್ದೆ. ಆಗ ಸೋಮೇಶ್ವರ ಗುಡಿಗೆ ಹೋಗುತ್ತಿದ್ದದ್ದು ನೆರಳಿಗಾಗಿ. ಈ ಸಲ ಬೇರೆ ಕಣ್ಣಿನಿಂದ ನೋಡಿದೆ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಕುಣಿಯುವ ಹೆಣ್ಣನ್ನು ಕಡೆದ ರೀತಿಯೇ ಒಂದು: ಸೊಂಟಕ್ಕೆ ಮಣಿಯ ಪಟ್ಟಿ, ತೊಡೆಯ ಮೇಲೆ ಜೋತ ಕುಚ್ಚು. ಬಟ್ಟೆ ಇದೆ ಎಂದು ತಿಳಿಯುವುದು ಕಾಲಿನ ಮೇಲೆ ಎಳೆದ ಸಣ್ಣ ಗೆರೆಗಳಿಂದ. ಕಾಲಿನ ಬಾಗು, ಮಂಡಿಯ ತಿರುವು ಒಂದೂ ಮುಚ್ಚಿಲ್ಲ. ಅದೇ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಬಟ್ಟೆಗೇ ಒಂದು ಅಧ್ಯಾಯ, ನೃತ್ಯಕ್ಕೇ ಒಂದು ಅಧ್ಯಾಯ ಇದೆ. ಕಮಾರ್ಗೋ ಕತ್ತರಿ ಹಿಡಿಯುವುದಕ್ಕೆ ಆರುನೂರು ವರ್ಷ ಮೊದಲು!

ಲಕ್ಷ್ಮೇಶ್ವರದವಳೇ ಆದ ಬಚ್ಚಾಸಾನಿ ಎಂಬ ನಟಿ ಹೆಂಗಸರ ನಾಟಕ ಮಂಡಳಿ ನಡೆಸಿದ್ದನ್ನೂ ಮೊಮ್ಮಗಳಿಗೆ ಹೇಳಿದೆ. ಹೆಂಗಸು ರಂಗ ಹತ್ತುವುದೇ ತಪ್ಪು ಎನ್ನುತ್ತಿದ್ದ ಕಾಲ ಅದು. "ಅವರು ಏನು ಹಾಕಿಕೊಂಡು ಕುಣಿಯುತ್ತಿದ್ದರು ಅಜ್ಜ?" ಎಂದಳು. ಸೀರೆ, ಕಚ್ಚೆ ಹಾಕಿ ಉಟ್ಟ ದೊಡ್ಡ ಸೀರೆ. ಆ ಕಾಲದ ನರ್ತಕಿಯರದೆಲ್ಲ ಅದೇ ಉಡುಪು. ಇಂದು ಭರತನಾಟ್ಯದ ಹುಡುಗಿಯರು ತೊಡುವ, ಮುಂದೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಹೊಲಿದ ಉಡುಪು ಪುರಾತನದ್ದೆಂದು ನಾವು ತಿಳಿದಿರುತ್ತೇವೆ. ಅದು ರೂಪುಗೊಂಡದ್ದು 1930ರ ದಶಕದಲ್ಲಿ, ಮದರಾಸಿನ ರುಕ್ಮಿಣಿದೇವಿ ಅರುಂಡೇಲರ ಕೈಯಲ್ಲಿ. ಅವರು ಮೊದಲು ಕಲಿತದ್ದು ಬ್ಯಾಲೆ! 1920ರ ದಶಕದ ಕೊನೆಗೆ ರಷ್ಯದ ಮಹಾನರ್ತಕಿ ಅನ್ನಾ ಪಾವ್ಲೋವಾಳ ಸ್ನೇಹವಾಗಿ, ಅವಳ ತಂಡದವರಿಂದಲೇ ಪಾಠವಾಯಿತು. ನಿನ್ನ ದೇಶದ ನಾಟ್ಯವನ್ನೂ ಹುಡುಕು ಎಂದು ತಿರುಗಿಸಿ ಕಳಿಸಿದವಳೂ ಪಾವ್ಲೋವಾಳೇ. ಟುಟು ತೊಟ್ಟವಳ ಮಾತಿನಿಂದ ನಮ್ಮ ಬೀಸಣಿಗೆ ನಿರಿಗೆ ಬಿಚ್ಚಿಕೊಂಡಿತು ಎಂದರೆ ತುಸು ಹೆಚ್ಚಾದೀತು, ಪೂರಾ ಸುಳ್ಳಾಗದು.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠಕ್ಕೆ ಕೈಮುಗಿದು ಆಟೋ ಹಿಡಿದೆವು. ತಾಂಡಾ ಊರ ಹೊರಗೆ. ಡ್ರೆಸ್ ಅಂಗಡಿಯವರು ಹೇಳಿ ಕಳಿಸಿದ್ದ ಲಂಬಾಣಿ ಹೆಣ್ಣುಮಗಳಿಗೆ ಅರವತ್ತು ದಾಟಿರಬೇಕು. ಅವಳು ತೊಟ್ಟಿದ್ದ ಲಂಗಕ್ಕೆ ಫೇಟಿಯಾ ಎನ್ನುತ್ತಾರೆ. ಸೊಂಟದಲ್ಲಿ ಒತ್ತೊತ್ತು ನಿರಿಗೆ, ಅಂಚಿನಲ್ಲಿ ಕನ್ನಡಿ ಚೂರು, ಕವಡೆ, ಹತ್ತು ಬಣ್ಣದ ದಾರ. ತೀಜ್ ಹಬ್ಬದಲ್ಲೂ ಹೋಳಿಯಲ್ಲೂ ಈ ಹೆಂಗಸರು ಸುತ್ತುಗಟ್ಟಿ ಕುಣಿಯುವಾಗ ಆ ಲಂಗ ಅಗಲವಾಗಿ ಎದ್ದು ನಿಲ್ಲುತ್ತದೆ. ಈ ಸೀಮೆಯ ನಿಜವಾದ ಟುಟು ಎಂದರೆ ನನ್ನ ಮಟ್ಟಿಗೆ ಅದೇ. ಸಂಡೂರಿನ ಲಂಬಾಣಿ ಕಸೂತಿ ಭೌಗೋಳಿಕ ಸೂಚಿಕೆಯ ಮುದ್ರೆ ಪಡೆದು ಪರದೇಶಕ್ಕೂ ಹೋಗುತ್ತಿದೆ. ನಮ್ಮ ತಾಂಡಾಗಳ ಹುಡುಗಿಯರು ಮಾತ್ರ ಫೇಟಿಯಾ ಬಿಟ್ಟು ಚೂಡಿದಾರಕ್ಕೆ ಬಂದಿದ್ದಾರೆ. ಭಾರ ಹೊತ್ತವರಿಗೆ ಗೊತ್ತು ಭಾರ. ನಾವು ಬದಿಯಲ್ಲಿ ನಿಂತು ಅಯ್ಯೋ ಎನ್ನಬಾರದು.

ಆಕೆ ಟುಟುವನ್ನು ಮಡಿಲಲ್ಲಿ ಕವುಚಿ ಹಾಕಿಕೊಂಡಳು. ಪದರ ಎಣಿಸಿದಳು. ಮೇಲಿನದು ದೊಡ್ಡದು, ಕೆಳಗೆ ಹೋದಂತೆ ಸಣ್ಣದು; ಕೆಳಗಿನ ಸಣ್ಣ ಪದರಗಳು ಊರುಗೋಲಾಗಿ ಮೇಲಿನದನ್ನು ಎತ್ತಿ ಹಿಡಿಯುತ್ತವೆ. ಪದರ ಪದರಕ್ಕೂ ಅಲ್ಲಲ್ಲಿ ಸಡಿಲ ಟಾಕೆ. ಬಿಗಿ ಟಾಕೆ ಹಾಕಿದರೆ ಲಂಗ ಕಟ್ಟಿಗೆ, ಹಾಕದಿದ್ದರೆ ಚಿಂದಿ. ಇದನ್ನು ಯಾರೂ ಹೇಳಿಕೊಡದೆ ಆಕೆ ಒಂದೇ ನೋಟಕ್ಕೆ ಹಿಡಿದಳು. "ಕೆಳಗಿಂದ ಹರದದ, ಅದಕ್ಕ ಮ್ಯಾಲಿಂದು ಬಿದ್ದದ" ಎಂದು ಸೂಜಿಗೆ ದಾರ ಪೋಣಿಸಿದಳು. ಎರಡು ತಾಸಿನ ಕೆಲಸ.

ಅಷ್ಟು ಹೊತ್ತು ಅವಳ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ಮೊಮ್ಮಗಳು. ಇಷ್ಟು ಮೇಲೆ ಯಾಕೆ ಬಂತು? "1880ರ ಸುಮಾರಿಗೆ ಇಟಲಿಯ ಹುಡುಗಿಯರು ತುಂಬ ಕಷ್ಟದ ಸುತ್ತು ಕಲಿತರು. ಕಾಲು ಕಾಣಬೇಕಲ್ಲ." 1885ರಲ್ಲಿ ವರ್ಜೀನಿಯಾ ಜುಕ್ಕಿ ರಷ್ಯದ ರಾಜಧಾನಿಯಲ್ಲಿ ಉದ್ದ ಲಂಗ ತೊಡುವುದಿಲ್ಲ ಎಂದು ಹಟ ಹಿಡಿದಳು, ಅವಳ ನಂತರ ಬಂದ ಪಿಯೆರಿನಾ ಲೆನ್ಯಾನಿ 1895ರ 'ಸ್ವಾನ್ ಲೇಕ್'ನಲ್ಲಿ ಒಂಟಿಕಾಲಿನ ಮೇಲೆ ಬಿಡದೆ 32 ಸುತ್ತು ತಿರುಗಿದಳು. ಮುಂದೆ ಒಳಗೆ ತಂತಿಯ ಬಳೆ ಇಟ್ಟು ದೋಸೆಯ ಹಾಗೆ ಚಪ್ಪಟೆ ಮಾಡಿದರು. 1950ರಲ್ಲಿ ನ್ಯೂಯಾರ್ಕಿನ ಕರಿನ್ಸ್ಕಾ ಎಂಬ ಹೊಲಿಗೆಯವಳು ಬಳೆ ಕಿತ್ತುಹಾಕಿ ಮೆತ್ತನೆಯ ಟುಟು ಹೊಲಿದಳು, ಏಕೆಂದರೆ ರಂಗದ ಮೇಲೆ ಹತ್ತಾರು ಹುಡುಗಿಯರು ಒಟ್ಟಿಗೆ ನಿಂತರೆ ತಾಟಿಗೆ ತಾಟು ಡಿಕ್ಕಿ ಹೊಡೆಯುತ್ತಿತ್ತು. ಟುಟು ಎಂದರೇನು ಎಂದು ಕೇಳಿದಾಗ ಮಾತ್ರ ಹುಡುಗಿ ನನ್ನ ಮುಖ ನೋಡಿದಳು. ಫ್ರೆಂಚ್ ಮಕ್ಕಳ ತೊದಲು ಮಾತಿನಲ್ಲಿ ಅದಕ್ಕೆ ಅಂಡು ಎಂದು ಅರ್ಥವಂತೆ. ನಾನೇ ಹೇಳಿದೆ. ತಾಂಡಾದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಬಹಳ ಹೊತ್ತು ನಕ್ಕರು.

ಕೂಲಿ ಕೇಳಿದರೆ ಆಕೆ ದಾರದ ದುಡ್ಡು ಮಾತ್ರ ಹೇಳಿದಳು. ನಾನು ಬ್ಯಾಂಕಿನವನು; ಎರಡು ತಾಸಿನ ಕುಶಲ ಕೆಲಸಕ್ಕೆ ಎಷ್ಟಾಗುತ್ತದೋ ಅಷ್ಟು ಲೆಕ್ಕ ಹಾಕಿ ಕೈಯಲ್ಲಿಟ್ಟೆ. ಸ್ವಲ್ಪ ಜಗಳವಾಗಿ ತೆಗೆದುಕೊಂಡಳು.

ಮುಂಡರಗಿಗೆ ಹೋದದ್ದು ಎರಡು ದಿನ ಬಿಟ್ಟು. ದಾರಿಯಲ್ಲಿ ಡಂಬಳದ ದೊಡ್ಡಬಸಪ್ಪನ ಗುಡಿ. 12ನೆಯ ಶತಮಾನದ್ದು. ಒಂದು ಚೌಕವನ್ನು ನಡುವಿನ ಬಿಂದುವಿನ ಸುತ್ತ ತುಸು ತುಸುವೇ ತಿರುಗಿಸಿದರೆ ಮೂಲೆಗಳು ಬೀಸಣಿಗೆಯಾಗಿ ಹರಡುತ್ತವಲ್ಲ, ಆ ಲೆಕ್ಕದ ಮೇಲೆ ಕಟ್ಟಿದ 24 ಮೂಲೆಯ ನಕ್ಷತ್ರದ ತಳ. ಗೋಡೆಯ ಬುಡದಲ್ಲಿ ನಿಂತು ನೋಡಿದರೆ ಕಲ್ಲಿನ ನಿರಿಗೆ. ಮೊಮ್ಮಗಳು ಎಣಿಸುತ್ತ ಸುತ್ತಿದಳು, ಎಲ್ಲಿಂದ ಶುರು ಮಾಡಿದೆನೆಂದು ಮರೆತಳು, ಎರಡನೆಯ ಸಲ ಗುರುತಿಗೆ ತನ್ನ ನೀರಿನ ಬಾಟಲಿ ಇಟ್ಟು ಎಣಿಸಿದಳು. "ಅಜ್ಜ, ಇದು ತಿರುಗ್ತಾ ಇರೋವಾಗ ನಿಂತುಬಿಟ್ಟಿದೆ" ಎಂದಳು.

ಮುಂಡರಗಿಯಲ್ಲಿ ನನ್ನ ಹಳೆಯ ಖಾತೆದಾರರೊಬ್ಬರಿದ್ದಾರೆ. ಒಕ್ಕಲುತನದವರು, ದೊಡ್ಡಾಟದಲ್ಲಿ ರಾಜನ ವೇಷಕ್ಕೆ ಹೆಸರಾದವರು. ಪೆಟ್ಟಿಗೆ ತೆಗೆದು ಬೇಗಡೆ ಹಚ್ಚಿದ ಕಿರೀಟ, ಭುಜಕೀರ್ತಿ, ಎದೆಹಾರ ತೋರಿಸಿದರು. ಕಿರೀಟ ಇಟ್ಟೊಡನೆ ಹುಡುಗಿಯ ಕುತ್ತಿಗೆ ಒಂದು ಕಡೆ ವಾಲಿತು. ಟುಟುವನ್ನು ಅವರು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿ, "ಇದರಾಗ ಏನೂ ಭಾರ ಇಲ್ಲ. ನಮ್ಮದು ಮ್ಯಾಲ ಭಾರ, ನಿಂದು ಕಾಲಾಗ ಭಾರ" ಎಂದರು. ಆಮೇಲೆ ಅವರು ಕೇಳಿದ್ದು ಕಸುಬಿನವರ ಪ್ರಶ್ನೆ: "ಸುತ್ತು ಹೊಡಿಯುವಾಗ ತಲಿ ತಿರಗೂದಿಲ್ಲೇನವಾ?"

ಅವಳು ಅಂಗಳದಲ್ಲಿ ತೋರಿಸಿದಳು. ಎದುರಿನ ಒಂದು ವಸ್ತುವಿನ ಮೇಲೆ ಕಣ್ಣು ನೆಡಬೇಕು; ಮೈ ತಿರುಗಲಿ, ಮುಖ ಕೊನೆಗೆ ತಿರುಗಿ ಎಲ್ಲಕ್ಕಿಂತ ಮೊದಲು ವಾಪಸು ಬರಬೇಕು. ಅವಳು ಆರಿಸಿಕೊಂಡದ್ದು ಹಿತ್ತಲ ಬಾಗಿಲಿನ ಚಿಲಕ. ಮುದುಕರು ತೊಡೆ ತಟ್ಟಿದರು. "ನಮಗ ಹಿಲಾಲು. ನಮ್ಮ ಮಾಸ್ತರು ಹೇಳತಿದ್ರು, ದೀವಟಗಿ ಬಿಟ್ಟು ಕಣ್ಣ ಕೀಳಬ್ಯಾಡಾ ಅಂತ" ಎಂದು ಧೋತರ ಎತ್ತಿ ಕಟ್ಟಿ, ಎಪ್ಪತ್ತೆಂಟರ ವಯಸ್ಸಿನಲ್ಲಿ ಒಂದು ಸುತ್ತು ಹೊಡೆದೇಬಿಟ್ಟರು. ಒಳಗಿನಿಂದ ಅವರ ಮನೆಯವರು ಕೂಗಿಕೊಂಡರು. ತಾಳಕ್ಕೆ ಏನೂ ಇರಲಿಲ್ಲ; ಚಹಾ ತಂದಿದ್ದ ತಾಟನ್ನೇ ತೆಗೆದುಕೊಂಡು ನಾನು ಬಾರಿಸತೊಡಗಿದೆ. ಗದುಗಿಗೆ ಕೊನೆಯ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.